ಹಳೇ ಟ್ರಾವೆಲರ್ ಕೊಂಡು ಕ್ಯಾಂಪರ್ ಮಾಡಿಸುವ ಮೊದಲು

"ಸರ್, ಹಳೇ ಟೆಂಪೋ ಟ್ರಾವೆಲರ್ ಒಂದು ಮೂರೂವರೆ ಲಕ್ಷಕ್ಕೆ ಸಿಗ್ತಿದೆ. ಕ್ಯಾಂಪರ್ ಮಾಡಿಸೋಕೆ ಎಷ್ಟಾಗುತ್ತೆ?" ನನ್ನ ಗ್ಯಾರೇಜಿಗೆ ಇಂಥ ಫೋನುಗಳು ಈಚೆಗೆ ಜಾಸ್ತಿ. ಕೇಳುವವರ ಮನಸ್ಸಲ್ಲಿ ಆಗಲೇ ಮಂಚ, ಅಡುಗೆ ಕಟ್ಟೆ, ಪರದೆ ಎಲ್ಲ ಸಿದ್ಧವಾಗಿರುತ್ತದೆ. ಖರ್ಚು ಇರುವುದು ಅಲ್ಲಲ್ಲ. ಕಾಗದದಲ್ಲಿ ಮತ್ತು ತಗಡಿನಲ್ಲಿ.

ಮೊದಲು ಕಾಗದ. ಮಾರಾಟಕ್ಕೆ ಬರುವ ಹಳೇ ಟ್ರಾವೆಲರ್‌ಗಳು ಹೆಚ್ಚಾಗಿ ಹಳದಿ ಬೋರ್ಡಿನವು, ಇಲ್ಲವೇ ಶಾಲೆಗೆ ಓಡಿದವು. ಪರ್ಮಿಟ್ ಸರೆಂಡರ್ ಆಗಿದೆಯಾ, ತೆರಿಗೆ ಬಾಕಿ ಇದೆಯಾ, ಸಾಲದ ಹೈಪೋಥಿಕೇಶನ್ (ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರಿನ ನಮೂದು) ತೆಗೆಸಿದ್ದಾರಾ ನೋಡಿ. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಇಲ್ಲಿ ತೆರಿಗೆ ಕಟ್ಟಬೇಕು. ಅಗ್ಗಕ್ಕೆ ಸಿಕ್ಕಿತು ಅಂದುಕೊಂಡದ್ದು ಅಲ್ಲೇ ಮುಗಿಯುತ್ತದೆ. ಖಾಸಗಿ ಲಘು ವಾಹನ 15 ವರ್ಷ ದಾಟಿದ್ದರೆ ನೋಂದಣಿ ನವೀಕರಣದ ಶುಲ್ಕ 2022ರಿಂದ 5,000 ರೂಪಾಯಿ. 20 ವರ್ಷ ದಾಟಿದವಕ್ಕೆ 2025ರಲ್ಲಿ ಅದು 10,000 ಆಯಿತು.

ಸೀಟು ಕಿತ್ತು ಮಂಚ ಕೂರಿಸುವುದು ಸುಮ್ನೆ ಬಡಗಿ ಕೆಲಸ ಅಂದುಕೊಳ್ಳಬೇಡಿ. ಕಂಪನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ಇಂಥ ಗಾಡಿಗೆ, ಅಂದರೆ ಮೋಟಾರ್ ಕ್ಯಾರವಾನ್‌ಗೆಂದೇ, ಎಐಎಸ್-124 ಎಂಬ ಮಾನದಂಡ ಇದೆ. "ಅದೆಲ್ಲ ನಾವು ನೋಡ್ಕೋತೀವಿ" ಎನ್ನುವ ಏಜೆಂಟ್ ಅಪಘಾತ ಆದ ದಿನ ಫೋನ್ ಎತ್ತುವುದಿಲ್ಲ. ಆರ್‌ಸಿಯಲ್ಲಿ ಇಲ್ಲದ ಬದಲಾವಣೆ ಕಂಡರೆ ವಿಮೆಯವರು ಕ್ಲೇಮ್ ತಳ್ಳಿಹಾಕಲು ದಾರಿ ಸಿಕ್ಕಂತೆ. ಅಡ್ವಾನ್ಸ್ ಕೊಡುವ ಮೊದಲೇ ನಿಮ್ಮ ಆರ್‌ಟಿಒಗೆ ಹೋಗಿ ಕೇಳಿ. ಅಲ್ಲಿ ಆಗಲ್ಲ ಅಂದರೆ ಸೀಟು ಹಾಗೇ ಬಿಟ್ಟು, ಮಡಚುವ ಹಾಸಿಗೆ, ಪೆಟ್ಟಿಗೆ ಒಲೆ ಇಟ್ಟುಕೊಂಡು ತಿರುಗಿ. ನೋಡಲು ಅಷ್ಟು ಚೆಂದ ಇರುವುದಿಲ್ಲ, ನಿಜ. ತಲೆನೋವೂ ಇರುವುದಿಲ್ಲ.

ಇನ್ನು ತಗಡು. ಮಂಗಳೂರು, ಕಾರವಾರದ ಕಡೆ ಓಡಿದ ಗಾಡಿ ಎಂದರೆ ನಾನು ಇಂಜಿನ್ ಮುಟ್ಟುವ ಮೊದಲು ಕೆಳಗೆ ಮಲಗುತ್ತೇನೆ. ಉಪ್ಪು ಗಾಳಿ, ಮಳೆ ಎರಡೂ ಸೇರಿ ತಿನ್ನುವುದು ಹೊರಗಿನ ಶೀಟನ್ನಲ್ಲ, ಒಳಗಿನ ಜೋಡಣೆಗಳನ್ನು. ರೂಫಿನ ಗಟರ್, ಮುಂದಿನ ಗಾಜಿನ ಕೆಳಗಿನ ಅಂಚು, ಬಾಗಿಲ ಮೆಟ್ಟಿಲು, ಚಕ್ರದ ಮೇಲಿನ ಕಮಾನು, ಬಾಡಿ ಚಾಸಿಸ್‌ಗೆ ಕೂರುವ ಜಾಗ, ಇಷ್ಟನ್ನು ಬಿಡದೆ ನೋಡಿ. ಸಣ್ಣ ಮ್ಯಾಗ್ನೆಟ್‌ಗೆ ತೆಳು ಬಟ್ಟೆ ಸುತ್ತಿ ಬಾಡಿಯ ಮೇಲೆ ಓಡಿಸಿ. ಅಂಟುತ್ತಾ ಬಂದದ್ದು ಒಂದು ಕಡೆ ಸಡಿಲವಾಗಿ ಜಾರಿದರೆ ಅಲ್ಲಿ ದಪ್ಪ ಪುಟ್ಟಿ ಇದೆ. ಅಡಿಯಲ್ಲಿ ಹೊಸದಾಗಿ ಕಪ್ಪು ಬಳಿದಿದ್ದರೆ ಖುಷಿಪಡಬೇಡಿ. ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟಿ. ಗಟ್ಟಿ ತಗಡು ಠಣ್ ಅನ್ನುತ್ತದೆ, ತುಕ್ಕು ಹಿಡಿದದ್ದು ಮಂದ ಸದ್ದು ಕೊಡುತ್ತದೆ.

ಟಿಂಕರಿಂಗ್, ಅಂದರೆ ತಗಡು ರಿಪೇರಿಯ ಬಿಲ್ಲನ್ನು ಮೊದಲೇ ಕರಾರುವಾಕ್ಕಾಗಿ ಹೇಳಲು ಯಾರಿಂದಲೂ ಆಗುವುದಿಲ್ಲ. ಒಂದು ಅಡಿ ಕತ್ತರಿಸಿದರೆ ಪಕ್ಕದ ಎರಡು ಅಡಿ ಪುಡಿ ಉದುರುತ್ತದೆ. ಹೇಳಿದ ಅಂದಾಜಿನ ಅರ್ಧದಷ್ಟನ್ನು ಬೇರೆ ಎತ್ತಿಡಿ. ಕಳೆದ ಮಳೆಗಾಲದಲ್ಲಿ ಒಂದು ದಂಪತಿ ಬೇರೆ ಕಡೆ ಒಳಾಂಗಣ ಮುಗಿಸಿದ ಗಾಡಿ ತಂದಿದ್ದರು. ಪಾಲಿಶ್ ಮಾಡಿದ ಕಪಾಟು, ಅದರ ಹಿಂದೆ ಫೋಮ್, ಫೋಮಿನ ಹಿಂದೆ ನೀರು. ಎಲ್ಲ ಬಿಚ್ಚಬೇಕಾಯಿತು. ಆ ಬಿಚ್ಚುವ, ಮತ್ತೆ ಕೂರಿಸುವ ಕೂಲಿಯೇ ಸೋರುವುದನ್ನು ನಿಲ್ಲಿಸುವ ಖರ್ಚಿಗಿಂತ ಜಾಸ್ತಿ. ಒಂದು ಮಳೆಗಾಲ ಕಳೆಯುವವರೆಗೆ ಒಳಗೆ ಒಂದು ಹಲಗೆಯನ್ನೂ ಹೊಡೆಸಬೇಡಿ ಎಂದು ನಾನು ಹೇಳುವುದು ಅದಕ್ಕೇ.

ಇಂಜಿನ್ ವಿಷಯದಲ್ಲಿ ಜನ ಅನಗತ್ಯವಾಗಿ ಹೆದರುತ್ತಾರೆ. ಟ್ರಾವೆಲರ್ 1987ರಲ್ಲಿ ಬಂದಾಗ ಮರ್ಸಿಡಿಸ್ ವ್ಯಾನಿನ ವಿನ್ಯಾಸವನ್ನೇ ತಂದಿತ್ತು. ಅವರದೇ ಹಳೇ ಓಎಂ616 ಡೀಸೆಲ್ ಇಂಜಿನ್ ಬಿಚ್ಚಬಲ್ಲ ಮೇಸ್ತ್ರಿಗಳು ಇವತ್ತಿಗೂ ಇದ್ದಾರೆ. ಬೆಳಗ್ಗೆ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ. ಐಡಲ್‌ನಲ್ಲಿ ಆಯಿಲ್ ಮುಚ್ಚಳ ತೆಗೆದಾಗ ಬುಸಬುಸ ಹೊಗೆ ಬಂದರೆ ಬ್ಯಾಕ್ ಕಂಪ್ರೆಷನ್, ಅಂದರೆ ಪಿಸ್ಟನ್ ಪಕ್ಕದಿಂದ ಹೊಗೆ ಕೆಳಗೆ ಸೋರುತ್ತಿದೆ. ಆಗ ಸಿಲಿಂಡರ್ ಬೋರಿಂಗ್, ಪಿಸ್ಟನ್ ಸೆಟ್ ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಹೊಸ ಕಾಮನ್‌ರೈಲ್ ಡೀಸೆಲ್ ಗಾಡಿಗಳಲ್ಲಿ ಇಂಧನ ಚಿಮ್ಮಿಸುವ ಇಂಜೆಕ್ಟರ್ ಕೆಟ್ಟರೆ ಜೇಬು ಸುಡುತ್ತದೆ. ಟೈರಿನ ಪಕ್ಕದ ನಾಲ್ಕಂಕಿ ಓದಿ: 2318 ಅಂದರೆ 2018ರ 23ನೇ ವಾರದ್ದು. ಮೇಲಿನ ಗುಂಡಿ (ಟ್ರೆಡ್) ಸವೆಯದಿದ್ದರೂ ಅದು ಬದಲಾಯಿಸಬೇಕಾದ ಟೈರ್.

ಒಳಾಂಗಣದಲ್ಲಿ ಮರೆಯುವುದು ತೂಕ. ಎಂಟು ಬೈ ನಾಲ್ಕರ 18 ಎಂಎಂ ಪ್ಲೈವುಡ್ ಶೀಟ್ ಒಂದು ಸುಮಾರು 35 ಕೆಜಿ. ಹತ್ತು ಶೀಟು, ನೂರು ಲೀಟರ್ ನೀರು, ಬ್ಯಾಟರಿ, ಎಲ್ಲ ಸೇರಿದರೆ ಅರ್ಧ ಟನ್. ಹಿಂದಿನ ಸ್ಪ್ರಿಂಗ್, ಬ್ರೇಕ್ ಅದನ್ನು ಪ್ರತಿ ಘಾಟಿಯಲ್ಲೂ ಹೊರಬೇಕು. 12 ಎಂಎಂ ಸಾಕು. ಎಸಿ ಬೇಕೇ ಬೇಕು ಅನ್ನುವವರಿಗೆ: 12 ವೋಲ್ಟಿನ 100 ಎಎಚ್ (ಆಂಪಿಯರ್-ಅವರ್) ಲೆಡ್ ಬ್ಯಾಟರಿಯಲ್ಲಿ ಹಾಳಾಗದಂತೆ ಬಳಸಬಹುದಾದದ್ದು ಸುಮಾರು 600 ವ್ಯಾಟ್-ಅವರ್. ಒಂದು ಟನ್ ಎಸಿ ಅರ್ಧ ಗಂಟೆಯಲ್ಲಿ ಮುಗಿಸುತ್ತದೆ. ಗ್ಯಾಸ್ ಇಡುವುದಾದರೆ ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ತೂತು ಬೇಕು, ಸೋರಿದ ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ನೆಲದಲ್ಲೇ ಕೂರುತ್ತದೆ.

ಕೊನೆಗೆ ನಿಲ್ಲಿಸುವ ಜಾಗ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನೊಳಗೆ ಇಷ್ಟು ಎತ್ತರದ ಗಾಡಿ ಸಾಮಾನ್ಯವಾಗಿ ಇಳಿಯುವುದಿಲ್ಲ. ತಿಂಗಳ ಬಾಡಿಗೆಗೆ ಖಾಲಿ ಸೈಟು ಹುಡುಕಬೇಕು. ವಾರಕ್ಕೊಮ್ಮೆಯಾದರೂ ಹತ್ತು ಕಿಲೋಮೀಟರ್ ಓಡಿಸಬೇಕು, ಇಲ್ಲದಿದ್ದರೆ ಬ್ಯಾಟರಿ ಕೂರುತ್ತದೆ, ಬ್ರೇಕ್ ಹಿಡಿಯುತ್ತದೆ, ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆ. ವರ್ಷಕ್ಕೆ ಎರಡೋ ಮೂರೋ ಸಲ ಹೊರಡುವವರಿಗೆ ಬಾಡಿಗೆ ಕ್ಯಾರವಾನೇ ಅಗ್ಗ. ತಿಂಗಳಿಗೊಮ್ಮೆ ಹೊರಡುತ್ತೇವೆ ಅನ್ನುವವರು ಮೊದಲು ಆ ಸೈಟಿನ ಬಾಡಿಗೆ ಕೇಳಿಕೊಂಡು, ಆಮೇಲೆ ಗಾಡಿ ಹುಡುಕಿ.