ಉಪ್ಪಾಗೆ ಕ್ಯಾಪ್ಸೂಲ್ ನುಂಗಿದರೆ ಬೊಜ್ಜು ಕರಗುತ್ತದೆಯೇ?

ಪ್ರಶ್ನೆ: ತೂಕ ಇಳಿಸಿಕೊಳ್ಳಲು ಗಾರ್ಸೀನಿಯಾ ಕ್ಯಾಪ್ಸೂಲ್ ತೆಗೆದುಕೊಳ್ಳಬಹುದೇ? ಗಿಡಮೂಲಿಕೆಯದಾದ್ದರಿಂದ ಅಡ್ಡ ಪರಿಣಾಮವಂತೂ ಇರುವುದಿಲ್ಲ, ಅಲ್ಲವೇ?

ಉತ್ತರ: ಈ ಪ್ರಶ್ನೆಯಲ್ಲಿ ಗಿಡದ ಹೆಸರು ಆಗಾಗ ಬದಲಾಗುತ್ತದೆ, ಎರಡನೆಯ ವಾಕ್ಯ ಬದಲಾದುದನ್ನು ಮಾತ್ರ ನಾನು ಕಂಡಿಲ್ಲ. ತ್ರಿಫಲಾ, ಗುಗ್ಗುಳು, ಹಸಿರು ಚಹಾ ಎಲ್ಲ ಮುಗಿದು ಈ ಬಾರಿ ಗಾರ್ಸೀನಿಯಾದ ಸರದಿ ಬಂದಿರುವುದರಿಂದ ಅದನ್ನೇ ಹಿಡಿದು ಮತ್ತೊಮ್ಮೆ ಹೇಳುತ್ತೇನೆ.

ಗಾರ್ಸೀನಿಯಾ ಕ್ಯಾಂಬೋಜಿಯಾ ಎಂದರೆ ನಮ್ಮ ಪಶ್ಚಿಮ ಘಟ್ಟದ ಉಪ್ಪಾಗೆ. ಕೊಡಗಿನವರು ಪಂದಿ ಕರಿಗೆ ಹಾಕುವ ಕಾಚಂಪುಳಿಯೂ, ಕೇರಳದವರು ಮೀನಿನ ಸಾರಿಗೆ ಹಾಕುವ ಕುಡಂಪುಳಿಯೂ ಇದೇ ಹಣ್ಣಿನವು. ಇದರ ಸಿಪ್ಪೆಯಲ್ಲಿರುವ ಮುಖ್ಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ತೋರಿಸಿಕೊಟ್ಟವರು ಮೈಸೂರಿನ ಆಹಾರ ಸಂಶೋಧನಾ ಕೇಂದ್ರವಾದ ಸಿಎಫ್‌ಟಿಆರ್‌ಐ ಸಂಸ್ಥೆಯ ಲೂಯಿಸ್ ಮತ್ತು ನೀಲಕಂಠನ್ ಎಂಬುದನ್ನು ತರಗತಿಯಲ್ಲಿ ಹೇಳುವಾಗ ನನಗೆ ಈಗಲೂ ಹೆಮ್ಮೆಯಾಗುತ್ತದೆ. ದೇಹವು ಪಿಷ್ಟ, ಸಕ್ಕರೆಗಳನ್ನು ಕೊಬ್ಬಾಗಿ ಮಾರ್ಪಡಿಸಲು ಬೇಕಾದ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆಂದು ಮುಂದೆ ಅಮೆರಿಕದಲ್ಲಿ ಗೊತ್ತಾಯಿತು. ಪ್ರಯೋಗಾಲಯದ ಇಲಿಗಳ ತೂಕವೂ ಇಳಿಯಿತು. ಆದರೆ ಇಲಿ ತಿಂದ ಪಿಷ್ಟವನ್ನು ಧಾರಾಳವಾಗಿ ಕೊಬ್ಬಾಗಿಸಿಕೊಳ್ಳುವ ಪ್ರಾಣಿ. ಮನುಷ್ಯನ ಮೈಯಲ್ಲಿ ಸೇರುವ ಕೊಬ್ಬು ಬಹುಪಾಲು ಅವನು ತಿಂದ ಎಣ್ಣೆ, ತುಪ್ಪಗಳಿಂದ ನೇರವಾಗಿ ಬರುವುದರಿಂದ, ಆ ಕಿಣ್ವವನ್ನು ತಡೆದು ಆಗುವ ಲಾಭ ಅಷ್ಟಕ್ಕಷ್ಟೆ. 1998ರಲ್ಲಿ ಅಮೆರಿಕದಲ್ಲಿ 135 ಮಂದಿಗೆ ಒಂದೇ ಬಗೆಯ ಪಥ್ಯ ಹೇಳಿ, ಅರ್ಧದಷ್ಟು ಜನರಿಗೆ ದಿನಕ್ಕೆ 1500 ಮಿಲಿಗ್ರಾಂ ಆಮ್ಲವನ್ನೂ ಉಳಿದವರಿಗೆ ಮದ್ದಿಲ್ಲದ ಹುಸಿ ಗುಳಿಗೆಯನ್ನೂ ಕೊಟ್ಟು 12 ವಾರ ನೋಡಿದರು. ಉಪ್ಪಾಗೆಯವರು ಸರಾಸರಿ 3.2 ಕಿಲೋ ಇಳಿದರು, ಹುಸಿ ಗುಳಿಗೆಯವರು 4.1 ಕಿಲೋ. ಈ ವ್ಯತ್ಯಾಸವೂ ಲೆಕ್ಕಕ್ಕೆ ಹಿಡಿಯುವಷ್ಟಿಲ್ಲ, ಇಳಿಸಿದ್ದು ಪಥ್ಯ. ಪರಿಣಾಮದ ಮಾತು ಇಲ್ಲಿಗೆ ಮುಗಿಯಿತು.

ಇನ್ನು ಆ ಎರಡನೆಯ ವಾಕ್ಯ. ಗಿಡದಿಂದ ಬಂದದ್ದೆಲ್ಲ ನಿರಪಾಯ ಎನ್ನುವವರು ದಯವಿಟ್ಟು ತಮ್ಮ ಊರಿನ ಬೇಲಿಯನ್ನೇ ಒಮ್ಮೆ ನೋಡಬೇಕು. ಎಕ್ಕ, ಕಣಗಿಲೆ, ದತ್ತೂರಿ, ಗುಲಗಂಜಿ ಎಲ್ಲವೂ ಗಿಡಮೂಲಿಕೆಗಳೇ, ಅಚ್ಚ ನೈಸರ್ಗಿಕವೇ. ಹೀಗೆಂದೊಡನೆ ನಾನು ಆಯುರ್ವೇದವನ್ನು ಹೀಗಳೆಯುತ್ತಿದ್ದೇನೆಂದು ಸಿಟ್ಟಾಗುವವರಿಗೆ ತಿಳಿದಿರಲಿ: ಈ ನಂಬಿಕೆ ಆಯುರ್ವೇದದ್ದೇ ಅಲ್ಲ. ಕಾಸರಕದಂಥ ವಿಷದ ಬೀಜವನ್ನು ಶೋಧನೆ, ಅಂದರೆ ವಿಷ ತಗ್ಗಿಸುವ ಸಂಸ್ಕಾರ, ಮಾಡದೆ ಮದ್ದಿಗೆ ಬಳಸಬಾರದೆಂದು ವಿಧಿಸಿದ್ದು ಆ ಶಾಸ್ತ್ರವೇ; ನಮ್ಮ ದೇಶದ ಔಷಧ ನಿಯಮಗಳ ಇ-1 ಅನುಸೂಚಿಯಲ್ಲಿ ಆಯುರ್ವೇದದ ವಿಷದ್ರವ್ಯಗಳದೇ ಒಂದು ಪಟ್ಟಿಯಿದ್ದು, ಮೇಲೆ ಹೇಳಿದ ನಾಲ್ಕೂ ಅದರಲ್ಲಿವೆ. ದೇಹದೊಳಗೆ ಹೋಗಿ ಕೆಲಸ ಮಾಡುವ ಯಾವ ಪದಾರ್ಥವೂ, ಅದು ಗಿಡದ್ದಿರಲಿ ಕಾರ್ಖಾನೆಯದ್ದಿರಲಿ, ನಾವು ಬಯಸಿದ ಒಂದೇ ಕೆಲಸ ಮಾಡಿ ಸುಮ್ಮನಾಗುವುದಿಲ್ಲ. ಪರಿಣಾಮವಿದೆ, ಅಡ್ಡ ಪರಿಣಾಮವೇ ಇಲ್ಲ ಎಂದರೆ ಪರಿಣಾಮದ ಬಗ್ಗೆಯೇ ಅನುಮಾನ ಪಡಬೇಕು.

‘ಆದರೆ ಉಪ್ಪಾಗೆ ಅಡುಗೆಯ ವಸ್ತುವಲ್ಲವೇ?’ ಎಂಬ ಮರುಪ್ರಶ್ನೆ ಬಂದೇ ಬರುತ್ತದೆ. ಸಾರಿಗೆ ಹಾಕುವ ಎರಡು ಚೂರು ಸಿಪ್ಪೆ ಬೇರೆ, ಅದೇ ಸಿಪ್ಪೆಯ ಸತ್ವವನ್ನು ಭಟ್ಟಿಗಟ್ಟಿದಂತೆ ಸಾಂದ್ರಗೊಳಿಸಿ ತಿಂಗಳುಗಟ್ಟಲೆ ದಿನಕ್ಕೆ ಎರಡು ಮೂರು ಬಾರಿ ನುಂಗುವುದು ಬೇರೆ. ಹಸಿರು ಚಹಾ ಕುಡಿದವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಅದರ ಇಜಿಸಿಜಿ ಎಂಬ ಅಂಶವನ್ನು ಗುಳಿಗೆಯ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಸೇವಿಸಿದರೆ ರಕ್ತದಲ್ಲಿ ಯಕೃತ್ತಿನ ಕಿಣ್ವಗಳು ಏರುವುದುಂಟೆಂದು, ಅಂದರೆ ಯಕೃತ್ತಿಗೆ ಪೆಟ್ಟಾಗುತ್ತಿರುವ ಸೂಚನೆ ಕಾಣುವುದುಂಟೆಂದು, 2018ರಲ್ಲಿ ಯುರೋಪಿನ ಆಹಾರ ಸುರಕ್ಷಾ ಪ್ರಾಧಿಕಾರ ಹೇಳಿತು. ಗಾರ್ಸೀನಿಯಾದ ಕತೆಯೂ ಹೀಗೆಯೇ. ಅದನ್ನು ಒಂಟಿಯಾಗಿಯೋ ಬೇರೆ ಮೂಲಿಕೆಗಳ ಜೊತೆಗೋ ಸೇವಿಸಿ ಯಕೃತ್ತಿಗೆ ಪೆಟ್ಟು ಮಾಡಿಕೊಂಡ 22 ಮಂದಿಯ ವಿವರಗಳನ್ನು ಅಮೆರಿಕದ ತಜ್ಞರು 2022ರಲ್ಲಿ ಪ್ರಕಟಿಸಿದರು. ಅವರಲ್ಲಿ ಒಂದು ನಿರ್ದಿಷ್ಟ ವಂಶವಾಹಿ ಇದ್ದವರೇ ಹೆಚ್ಚು. ಆದ್ದರಿಂದಲೇ ‘ಪಕ್ಕದ ಮನೆಯವರು ವರ್ಷದಿಂದ ತಿನ್ನುತ್ತಿದ್ದಾರೆ, ಅವರಿಗೇನೂ ಆಗಿಲ್ಲ’ ಎಂಬುದು ಸಾಕ್ಷ್ಯವಾಗದು. ಆ ವಂಶವಾಹಿ ಅವರಲ್ಲಿಲ್ಲದೆ ನಿಮ್ಮಲ್ಲಿರಬಹುದು.

ಡಬ್ಬಿಯೊಳಗೆ ಇರುವುದು ಮೂಲಿಕೆಯೇ ಎಂಬ ಭರವಸೆಯೂ ಸದಾ ನಿಲ್ಲುವುದಿಲ್ಲ. ಹೃದಯಕ್ಕೆ ಅಪಾಯವೆಂದು 2010ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಬಿದ್ದು, 2011ರಲ್ಲಿ ಭಾರತದಲ್ಲೂ ನಿಷೇಧವಾದ ಸಿಬುಟ್ರಮಿನ್ ಎಂಬ, ಹಸಿವು ತಗ್ಗಿಸುವ ಔಷಧ, ‘ನೈಸರ್ಗಿಕ’ ಎಂದು ಮಾರುವ ತೂಕದ ಗುಳಿಗೆಗಳಲ್ಲಿ ಗುಟ್ಟಾಗಿ ಬೆರೆತಿರುವುದು ಪದೇ ಪದೇ ಪತ್ತೆಯಾಗಿದೆ. ಗುಳಿಗೆ ತಿಂದ ವಾರದಲ್ಲೇ ಹಸಿವು ಸತ್ತು ಎದೆ ಡವಗುಟ್ಟಿದರೆ ಅದನ್ನು ಗಿಡದ ಮಹಿಮೆಯೆಂದು ಹೊಗಳುವ ಮುನ್ನ ವೈದ್ಯರನ್ನು ಕಾಣಿರಿ. ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಕ್ಯಾಪ್ಸೂಲನ್ನು ಆ ಹೊತ್ತಿಗೇ ನಿಲ್ಲಿಸಿ, ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.

ಈ ಸಿಪ್ಪೆ ಎಲ್ಲಿಂದ ಬರುತ್ತದೆಂದು ಮಾತ್ರ ಯಾರೂ ಕೇಳುವುದಿಲ್ಲ. ಅದು ಹೆಚ್ಚಾಗಿ ಬರುವುದು ಶಿರಸಿ, ಸಿದ್ದಾಪುರದ ಕಡೆಯಂಥ ಘಟ್ಟದ ಕಾಡುಗಳಿಂದ. ಹಣ್ಣು ಮಾಗುವುದು ಮಳೆಗಾಲದಲ್ಲಾದ್ದರಿಂದ ಸಿಪ್ಪೆಯನ್ನು ಬಿಸಿಲಿಗೆ ಹರವಲಾಗದೆ ಸೌದೆಯ ಬೆಂಕಿಯಲ್ಲಿ ಒಣಗಿಸಬೇಕು. ಬೇಡಿಕೆ ಏರಿದಾಗ ಬೇರೆಯವರಿಗಿಂತ ಮೊದಲು ಕೊಯ್ಯುವ ಅವಸರದಲ್ಲಿ ಕಾಯಿ ಬಲಿಯುವ ಮುನ್ನವೇ ಉದುರುತ್ತದೆ. ಅಘನಾಶಿನಿ ಕಣಿವೆಯ ಸಿಂಗಳೀಕಗಳಿಗೂ ಅದೇ ಹಣ್ಣು ಆಹಾರ. ಅಲ್ಲಿಯ ಜನ ಸಿಪ್ಪೆಯನ್ನಷ್ಟೇ ಅಲ್ಲ, ಬೀಜವನ್ನೂ ಬಿಡುವುದಿಲ್ಲ: ಬೊಜ್ಜು ಕರಗಿಸುತ್ತದೆಂದು ಹೆಸರಾದ ಈ ಹಣ್ಣಿನ ಬೀಜದಿಂದ ಅವರು ಹಿಂದಿನಿಂದಲೂ ತೆಗೆಯುತ್ತಿದ್ದುದು ತುಪ್ಪವನ್ನು.