ಐದರ ತಾಳದ ವಾಲ್ಟ್ಸ್ ಮತ್ತು ಕಾಣೆಯಾದ ಒಂದು ಸಾಲು

ಜೂನ್ ಬಂತೆಂದರೆ ನನ್ನ ಪಿಯಾನೋಗೆ ಕಾಯಿಲೆ ಶುರು. ಶಿವಮೊಗ್ಗದ ಮಳೆ ಆಗುಂಬೆಯಷ್ಟಿಲ್ಲ, ನಿಜ. ಆದರೆ ಗಾಳಿಯ ತೇವಕ್ಕೇ ಮರ ಉಬ್ಬುತ್ತದೆ. ಒತ್ತಿದ ಕೀ ಮೇಲೆ ಬರುವುದಿಲ್ಲ. ಒಳಗೆ ಬೂಷ್ಟು. ಮಲೆನಾಡಿನ ಮನೆಗಳಲ್ಲಿ ಬಟ್ಟೆ ಬೀರುವಿಗೆ ಬಲ್ಬ್ ಹಾಕಿಡುತ್ತಾರಲ್ಲ, ಹಾಗೆ ನಾನೂ ಪಿಯಾನೋ ಒಳಗೆ ಒಂದು ಸಣ್ಣ ಬಲ್ಬ್ ಉರಿಸಿಡುತ್ತೇನೆ. ಇಪ್ಪತ್ತೆರಡು ವರ್ಷದಿಂದ ಇದೇ ಪಾಡು. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಮಂದಿ ಕೀಬೋರ್ಡ್ ಕಲಿಯುವ ಮಕ್ಕಳು. ನಾಲ್ಕೈದು ಜನ ದೊಡ್ಡವರೂ ಇದ್ದಾರೆ.

ಎರಡು ವರ್ಷದ ಹಿಂದೆ ಒಂದು ಕಾಲೇಜಿನವರು ಸಂಗೀತ ಸಂಜೆಗೆ ಕರೆದರು. ನನ್ನ ಹಿರಿಯ ಶಿಷ್ಯರಿಬ್ಬರು ರಷ್ಯಾದ ಸಂಗೀತ ರಚನಕಾರ ಚೈಕೋವ್‌ಸ್ಕಿಯ ಆರನೇ ಸಿಂಫನಿಯ ಎರಡನೇ ಭಾಗವನ್ನು ಒಂದೇ ಪಿಯಾನೋದಲ್ಲಿ ನಾಲ್ಕು ಕೈಯಲ್ಲಿ ನುಡಿಸುವುದಿತ್ತು. ಕಾರ್ಯಕ್ರಮದ ಹಾಳೆಗೆ ಹತ್ತು ಸಾಲಿನ ಪರಿಚಯ ಬರೆದುಕೊಟ್ಟೆ. ಅಚ್ಚಾಗಿ ಬಂದಾಗ ಒಂಬತ್ತು ಸಾಲಿತ್ತು. ಕಾಣೆಯಾಗಿದ್ದು ಇದು: ‘ಇವರು ಗಂಡಸರನ್ನು ಪ್ರೀತಿಸಿದವರು, ಇವರ ಕಾಲದ ರಷ್ಯಾದಲ್ಲಿ ಅದು ಶಿಕ್ಷೆಯಾಗುವ ಅಪರಾಧ.’ ಕೇಳಿದ್ದಕ್ಕೆ "ಜಾಗ ಸಾಲಲಿಲ್ಲ ಮೇಡಂ" ಎಂದರು. ಅದೇ ಹಾಳೆಯ ಕೆಳಗೆ ಒಂದು ಐಸ್‌ಕ್ರೀಮ್ ಅಂಗಡಿಯ ಜಾಹೀರಾತು ಆರಾಮಾಗಿ ಕಾಲು ಚಾಚಿ ಮಲಗಿತ್ತು.

ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಮನೆಗೆ ಬಂದು ಯೋಚಿಸಿದಾಗ ಒಂದು ವಿಷಯ ತಮಾಷೆ ಅನಿಸಿತು. ಸಾಲನ್ನು ತೆಗೆದವರು ಸಂಗೀತವನ್ನು ಮುಟ್ಟಿರಲಿಲ್ಲ. ಆ ಏಳೆಂಟು ನಿಮಿಷ ಪೂರ್ತಿ ನುಡಿಯಿತು, ಚಪ್ಪಾಳೆಯೂ ಬಿತ್ತು. ಇಂಥ ಸಂಗೀತಗಾರರ ಕಥೆಯಲ್ಲಿ ಮತ್ತೆ ಮತ್ತೆ ನಡೆದಿರುವುದೂ ಇದೇ. ಮಾತು ಸಿಕ್ಕಿಬೀಳುತ್ತದೆ, ಸ್ವರ ತಪ್ಪಿಸಿಕೊಳ್ಳುತ್ತದೆ.

ಚೈಕೋವ್‌ಸ್ಕಿಯನ್ನೇ ತೆಗೆದುಕೊಳ್ಳಿ. 1877ರಲ್ಲಿ ಮದುವೆಯಾದರು, ಊರಿನ ಬಾಯಿ ಮುಚ್ಚಿಸಲು. ಮೂರು ತಿಂಗಳೂ ಒಟ್ಟಿಗೆ ಬಾಳಲಿಲ್ಲ. ತಮ್ಮ ಮೊಡೆಸ್ಟ್‌ಗೆ ಎಲ್ಲ ಗೊತ್ತಿತ್ತು. ಅವರೂ ಹಾಗೇ ಇದ್ದವರು. ಅಣ್ಣತಮ್ಮ ಪತ್ರಗಳಲ್ಲಿ ಬಿಚ್ಚಿ ಮಾತಾಡಿಕೊಂಡರು. ಸೋವಿಯತ್ ಕಾಲದಲ್ಲಿ ಆ ಪತ್ರಗಳನ್ನು ಅಚ್ಚು ಹಾಕುವಾಗ ಆ ಸಾಲುಗಳನ್ನು ತೆಗೆದುಬಿಟ್ಟರು. ಅತ್ತ ಅವರ ಹೆಸರನ್ನು ಮಾತ್ರ ಮಾಸ್ಕೋದ ಸಂಗೀತ ಶಾಲೆಗೆ ಇಟ್ಟರು, ದೊಡ್ಡ ಸ್ಪರ್ಧೆಗೆ ಇಟ್ಟರು. ಗಂಡಸು ಗಂಡಸನ್ನು ಕೂಡಿದರೆ ಐದು ವರ್ಷದವರೆಗೆ ಜೈಲು ಎನ್ನುವ ಕಾನೂನು 1934ರಿಂದ 1993ರವರೆಗೆ ಅದೇ ದೇಶದಲ್ಲಿತ್ತು. ಹಾಡು ಬೇಕು, ಹಾಡು ಕಟ್ಟಿದವನ ಬಾಳು ಬೇಡ.

ಈಗ ಆ ಐದರ ತಾಳ. ವಾಲ್ಟ್ಸ್ ಎಂದರೆ ಮೂರರ ಲೆಕ್ಕ, ಒಂದು-ಎರಡು-ಮೂರು. ಗಂಡು ಹೆಣ್ಣು ಜೋಡಿಯಾಗಿ ಸುತ್ತುವ ಕುಣಿತ. ಚೈಕೋವ್‌ಸ್ಕಿ ಆ ಎರಡನೇ ಭಾಗದಲ್ಲಿ ಅದೇ ಬಳುಕನ್ನು ಐದಕ್ಕೆ ಕೂರಿಸಿದ್ದಾರೆ. ಇಂಗ್ಲಿಷ್ ಪುಸ್ತಕ ಓದಿ ಕಲಿತ ಮಕ್ಕಳು ಇಲ್ಲಿ ಒದ್ದಾಡುತ್ತಾರೆ. ನಮ್ಮ ಮಕ್ಕಳಿಗೆ ಕಷ್ಟವೇ ಇಲ್ಲ. "ಖಂಡ ಚಾಪು ಹಾಕು ಮಾರಾಯ" ಎಂದರೆ ಸಾಕು. ತಕ ತಕಿಟ, ತಕ ತಕಿಟ. ತೊಡೆಯ ಮೇಲೆ ತಟ್ಟಿಕೊಂಡು ಎರಡೇ ಸುತ್ತಿಗೆ ಹಿಡಿದುಬಿಡುತ್ತಾರೆ. ಕೇಳಲು ಹಾಯಾಗಿದೆ, ತೂಗುತ್ತದೆ. ಎದ್ದು ಕುಣಿಯಲು ಹೋದರೆ ಮಾತ್ರ ಕಾಲು ತೊಡರುತ್ತದೆ. ಎಲ್ಲರೂ ಕುಣಿಯುವ ಕುಣಿತದಲ್ಲಿ ತನಗೆ ಜಾಗವಿಲ್ಲ ಅಂತ ಹೇಳುತ್ತಿದ್ದಾರಾ? ನನಗೆ ಎಷ್ಟೋ ಸಲ ಹಾಗನಿಸಿದೆ.

ಆದರೆ ಇದನ್ನು ಶಿಷ್ಯರಿಗೆ ನೋಟ್ಸ್ ಬರೆಸುವುದಿಲ್ಲ. ರಷ್ಯಾದ ಜನಪದ ಹಾಡುಗಳಲ್ಲಿ ಐದರ ಲೆಕ್ಕ ಹೊಸದೇನಲ್ಲ. ಅಲ್ಲದೆ ಗೇ ಆಗಿದ್ದರು, ಅದಕ್ಕೇ ಸಂಗೀತವೆಲ್ಲ ಅಳು ಎನ್ನುವವರಿಗೆ ನಾನು ಅವರದೇ ಮಕ್ಕಳ ಪುಸ್ತಕ ತೆಗೆದು ತೋರಿಸುತ್ತೇನೆ. 1878ರದ್ದು. ಮದುವೆ ಮುರಿದ ಮರುವರ್ಷ. 24 ಪುಟಾಣಿ ತುಣುಕುಗಳು: ಮರದ ಸಿಪಾಯಿಗಳು, ಗೊಂಬೆ, ಹಕ್ಕಿ, ಒಂದು ಹಳೆಯ ಫ್ರೆಂಚ್ ಹಾಡು. ನನ್ನ ಹತ್ತು ವರ್ಷದ ಮಕ್ಕಳು ನುಡಿಸುವುದು ಇದನ್ನೇ. ಮನುಷ್ಯನಿಗೆ ಗುಟ್ಟಿನ ಹೊರತಾಗಿಯೂ ದಿನಗಳಿರುತ್ತವೆ, ಅಲ್ವಾ?

ಯೂಟ್ಯೂಬ್ ನೋಡಿ ಬಂದವರು ಇನ್ನೊಂದು ಕೇಳುತ್ತಾರೆ: "ಮಿಸ್, ಅವರಿಗೆ ಬಲವಂತವಾಗಿ ವಿಷ ಕುಡಿಸಿದ್ರಂತೆ?" ಆರನೇ ಸಿಂಫನಿಯನ್ನು ಅವರೇ ನಡೆಸಿಕೊಟ್ಟು ಒಂಬತ್ತು ದಿನಕ್ಕೆ, 1893ರ ನವೆಂಬರ್‌ನಲ್ಲಿ, ತೀರಿಕೊಂಡರು. ವೈದ್ಯರು ಹೇಳಿದ್ದು ಕಾಲರಾ. ಆಗ ಪೀಟರ್ಸ್‌ಬರ್ಗ್‌ನಲ್ಲಿ ಕಾಲರಾ ಇತ್ತು. ವಿಷದ ಕಥೆ ರೋಚಕ, ಅಷ್ಟೇ. ಗೇ ಎಂದ ಕೂಡಲೇ ಸಾವನ್ನೂ ಸಿನಿಮಾ ಮಾಡುವ ಚಟ ನಮ್ಮದು.

ಹೇಳಹೊರಟಿದ್ದು ಮಾತು ಮತ್ತು ಸ್ವರದ ಬಗ್ಗೆ. ಪೋಲೆಂಡಿನ ಕರೋಲ್ ಶಿಮನೋವ್‌ಸ್ಕಿ ಕಥೆ ಕೇಳಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ. ಅವರ ಮನೆತನದ ಎಸ್ಟೇಟ್ ಈಗಿನ ಯುಕ್ರೇನಿನಲ್ಲಿತ್ತು. 1917ರ ಕ್ರಾಂತಿಯಲ್ಲಿ ಮನೆ ಲೂಟಿಯಾಯಿತು, ಪಿಯಾನೋವನ್ನು ಕೆರೆಗೆ ನೂಕಿದರು. ಕೆರೆಗೆ! ನಾನಿಲ್ಲಿ ತೇವ ತಾಗಬಾರದು ಅಂತ ರಾತ್ರಿಯಿಡೀ ಬಲ್ಬ್ ಉರಿಸುತ್ತೇನೆ. ಪಿಯಾನೋ ಇಲ್ಲದ ಆ ದಿನಗಳಲ್ಲಿ ಅವರು ಸಂಗೀತ ಬಿಟ್ಟು ಕಾದಂಬರಿ ಬರೆದರು. ಎರಡು ಸಂಪುಟ, ಗಂಡಸರ ನಡುವಿನ ಪ್ರೀತಿಯ ಕಥೆ. ತಾಯಿಗೆ ನೋವಾದೀತೆಂದು ಅಚ್ಚು ಹಾಕಿಸಲಿಲ್ಲ. ಈ ಒಂದು ಕಾರಣವನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. 1937ರಲ್ಲಿ ಅವರು ಹೋದರು. 1939ರಲ್ಲಿ ಜರ್ಮನ್ ದಾಳಿಗೆ ವಾರ್ಸಾ ಹೊತ್ತಿ ಉರಿದಾಗ ಹಸ್ತಪ್ರತಿಯೂ ಬೂದಿ. ಗೆಳೆಯನೊಬ್ಬನಿಗೆ ಕೊಟ್ಟಿದ್ದ ಒಂದು ಅಧ್ಯಾಯ, ಅಲ್ಲಿಷ್ಟು ಇಲ್ಲಿಷ್ಟು ಚೂರು ಮಾತ್ರ ಉಳಿಯಿತು. ಅವರ ಪಿಟೀಲು ಸಂಗೀತ ಇವತ್ತಿಗೂ ದೇಶದೇಶಗಳಲ್ಲಿ ನುಡಿಯುತ್ತಿದೆ.

ಫ್ರಾನ್ಸಿನ ಸಂಗೀತ ರಚನಕಾರ ಫ್ರಾನ್ಸಿಸ್ ಪುಲಾಂಕ್, ಅವರೂ ಗೇ, ಸ್ವಲ್ಪ ತುಂಟ. 1942ರ ಆಗಸ್ಟ್. ಪ್ಯಾರಿಸ್ ನಾಜಿಗಳ ಕೈಯಲ್ಲಿದೆ. ಅವರ ಬ್ಯಾಲೆ ಒಂದು ಅಲ್ಲಿನ ದೊಡ್ಡ ಆಪೆರಾ ಭವನದಲ್ಲಿ ರಂಗಕ್ಕೆ ಬಂತು. ಮೇಲ್ನೋಟಕ್ಕೆ ಪ್ರಾಣಿಗಳ ನೀತಿಕಥೆ. ಆದರೆ ವಾದ್ಯಗಳ ಒಳಗೆ ಪುಲಾಂಕ್ ಒಂದು ಹಳೆಯ ದೇಶಭಕ್ತಿ ಗೀತೆಯ ಮಟ್ಟನ್ನು ಸೇರಿಸಿದ್ದರು. ‘ಅಲ್ಸಾಸ್ ಲೊರೇನ್ ನಿಮಗೆ ದಕ್ಕುವುದಿಲ್ಲ’ ಎಂದು, ಆ ಗಡಿಸೀಮೆಯನ್ನು ಫ್ರಾನ್ಸಿನಿಂದ ಕಿತ್ತುಕೊಂಡ ಜರ್ಮನರಿಗೇ ಹೇಳುವ ಹಾಡು. ಸಭೆಯಲ್ಲಿ ಜರ್ಮನ್ ಅಧಿಕಾರಿಗಳು ಕೂತಿದ್ದರು. ಅವರಿಗೆ ತಿಳಿಯಲಿಲ್ಲ, ತಿಳಿಯಬೇಕಾದವರಿಗೆ ತಿಳಿಯಿತು. ಅದೇ ತಿಂಗಳು ಅಲ್ಲಿನ ಸರ್ಕಾರ ಸಲಿಂಗ ಸಂಬಂಧದ ಮೇಲೆ ಬೇರೆಯೇ ಒಂದು ಕಾನೂನು ತಂದಿತ್ತು. ಅದು 1982ರವರೆಗೆ ಉಳಿಯಿತು. ತುರ್ತು ಪರಿಸ್ಥಿತಿಯಲ್ಲಿ ಕಿಶೋರ್ ಕುಮಾರ್ ಹಾಡು ಆಕಾಶವಾಣಿಯಿಂದ ಮಾಯವಾಗಿದ್ದು ನಮ್ಮ ಹಿರಿಯರಿಗೆ ನೆನಪಿರಬಹುದು. ಹಾಡುವವನ ಹೆಸರು ಹಿಡಿದು ತಡೆಯುವುದು ಸುಲಭ. ವಾದ್ಯದೊಳಗಿನ ಮಟ್ಟನ್ನು ಹಿಡಿಯಬೇಕಾದರೆ ಅಧಿಕಾರಿಗೆ ಕಿವಿ ಇರಬೇಕು.

ಇದೆಲ್ಲ ಸರ್ವಾಧಿಕಾರಿಗಳ ಕಥೆ ಅಂದುಕೊಳ್ಳಬೇಡಿ. ಅಮೆರಿಕದ ಏರನ್ ಕೋಪ್‌ಲ್ಯಾಂಡ್ ಲಿಂಕನ್ನರ ಮಾತುಗಳನ್ನೇ ಇಟ್ಟುಕೊಂಡು ಒಂದು ಕೃತಿ ಮಾಡಿದ್ದರು. 1953ರ ಜನವರಿಯಲ್ಲಿ ಹೊಸ ಅಧ್ಯಕ್ಷರ ಪದಗ್ರಹಣದ ಕಛೇರಿಯಿಂದ ಅದನ್ನು ಕಿತ್ತುಹಾಕಿದರು, ಕಮ್ಯುನಿಸ್ಟರ ಸ್ನೇಹಿತ ಎಂಬ ಅನುಮಾನಕ್ಕೆ. ಮೇ ತಿಂಗಳಲ್ಲಿ, ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಸೆನೆಟರ್ ಮೆಕಾರ್ಥಿಯ ಸಮಿತಿ ಕರೆಸಿ ಪ್ರಶ್ನೆ ಹಾಕಿತು. ಗೇ ಎಂದು ಗೊತ್ತಾದರೆ ಸರ್ಕಾರಿ ಕೆಲಸದಿಂದ ತೆಗೆಯಬಹುದೆಂಬ ಆದೇಶ ಬಂದಿದ್ದೂ ಅದೇ ವರ್ಷ. ಎರಡು ಕತ್ತಿಯ ನಡುವೆ ಒಬ್ಬ ಮನುಷ್ಯ. 1964ರಲ್ಲಿ ಅವರಿಗೆ ದೇಶದ ದೊಡ್ಡ ಪದಕ ಕೊಟ್ಟರು, ಅದು ಬೇರೆ ಮಾತು.

ನನಗೆ ತುಂಬ ಇಷ್ಟದ ಚಿತ್ರ ಇಂಗ್ಲೆಂಡಿನದ್ದು. 1943. ಸಂಗೀತ ರಚನಕಾರ ಮೈಕೆಲ್ ಟಿಪೆಟ್ ಲಂಡನ್ನಿನ ಒಂದು ಜೈಲಿನಲ್ಲಿದ್ದಾರೆ. ಯುದ್ಧ ಒಪ್ಪದವರು, ಸರ್ಕಾರ ಹಾಕಿದ ಷರತ್ತನ್ನೂ ಒಪ್ಪಲಿಲ್ಲ. ಕೈದಿಗಳಿಗೆ ಕಛೇರಿ ಮಾಡಲು ಬೆಂಜಮಿನ್ ಬ್ರಿಟನ್ ಮತ್ತು ಅವರ ಬಾಳಸಂಗಾತಿ ಪೀಟರ್ ಪಿಯರ್ಸ್ ಬಂದರು. ಪಿಯರ್ಸ್ ಹಾಡು, ಬ್ರಿಟನ್ ಪಿಯಾನೋ. ಪುಟ ತಿರುವಲು ಒಬ್ಬರು ಬೇಕಲ್ಲ? ಕೈದಿ ಟಿಪೆಟ್ ಬಂದು ಪಕ್ಕದಲ್ಲಿ ನಿಂತರು. ಒಂದು ಪಿಯಾನೋ, ಮೂರು ಜನ, ಮೂವರೂ ಗೇ. ಪುಟ ತಿರುವುವ ಕೆಲಸ ಮಾಡಿದವರಿಗೆ ಗೊತ್ತು, ಅಷ್ಟು ಹತ್ತಿರ ನಿಂತರೆ ನುಡಿಸುವವರ ಉಸಿರು ಕೇಳಿಸುತ್ತದೆ. ಇಂಗ್ಲೆಂಡಿನಲ್ಲಿ ಆ ಅಪರಾಧ ತೊಲಗಿದ್ದು 1967ರಲ್ಲಿ. ಅವರು ನಮಗೆ 1860ರಲ್ಲಿ ಬರೆದುಕೊಟ್ಟ 377ನೇ ಕಲಮಿನ ಬಾಯಿಂದ ಒಪ್ಪಿ ಕೂಡುವ ದೊಡ್ಡವರನ್ನು ಸುಪ್ರೀಂ ಕೋರ್ಟ್ ಬಿಡಿಸಿದ್ದು 2018ರ ಸೆಪ್ಟೆಂಬರ್ 6ಕ್ಕೆ. ಆ ತೀರ್ಪಿಗೆ ಯಾರ ಹೆಸರಿದೆಯೋ ಆ ನವತೇಜ್ ಸಿಂಗ್ ಜೋಹರ್ ಭರತನಾಟ್ಯ ಕಲಾವಿದರು. ಅವರೂ ತಾಳದ ಮನುಷ್ಯರೇ.

ಇಷ್ಟು ಹೇಳಿದ ಮೇಲೆ ನನ್ನ ಮಾತಿಗೆ ನಾನೇ ಅಡ್ಡ ಬರಬೇಕು. ಸ್ವರ ತಪ್ಪಿಸಿಕೊಳ್ಳುತ್ತದೆ, ಸರಿ. ಆದರೆ ತಪ್ಪಿಸಿಕೊಂಡ ಸ್ವರದ ಮೇಲೆ ಯಾರು ಬೇಕಾದರೂ ಯಾವ ಚೀಟಿ ಬೇಕಾದರೂ ಅಂಟಿಸಬಹುದು. 2013ರಲ್ಲಿ ರಷ್ಯಾದ ಸಂಸ್ಕೃತಿ ಸಚಿವರು, ಚೈಕೋವ್‌ಸ್ಕಿ ಗೇ ಆಗಿದ್ದರು ಎನ್ನಲು ಪುರಾವೆಯೇ ಇಲ್ಲ ಎಂದರು. ಸಿಂಫನಿ ಎದ್ದು ನಿಂತು "ಇಲ್ಲ ಸ್ವಾಮಿ" ಎನ್ನಲಾರದು. ಅದಕ್ಕೆ ಪತ್ರ ಬೇಕು, ಆ ಒಂದು ಸಾಲು ಬೇಕು. ಅದಕ್ಕೇ ನಾನು ಅದನ್ನು ಬರೆಯುವುದು.

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರೊಬ್ಬರು, ಒಬ್ಬ ಹುಡುಗನ ತಂದೆ, ಆ ಸಂಜೆಯ ಮೇಲೆ ನನ್ನನ್ನು ಕೇಳಿದರು. "ಅದೆಲ್ಲ ಯಾಕೆ ಮೇಡಂ ಮಕ್ಕಳಿಗೆ? ನಮ್ಮಲ್ಲೂ ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡ್ತಿದ್ರು, ಯಾರೂ ಏನೂ ಹೇಳ್ತಿರಲಿಲ್ಲ." ವೇಷ ಬೇರೆ, ಮನಸ್ಸು ಬೇರೆ ಅಂದೆ. ಸ್ತ್ರೀವೇಷದವರೆಲ್ಲ ಗೇ ಅಲ್ಲ. ಇದ್ದವರು ಯಾರೋ, ಚೌಕಿಯಲ್ಲಿ ಬಣ್ಣ ಒರೆಸಿಕೊಂಡು ಬೆಳಗಿನ ಜಾವ ಮನೆಗೆ ಹೋದ ಮೇಲೆ ಹೇಗೆ ಬದುಕಿದರೋ, ನಾವು ಕೇಳಲೇ ಇಲ್ಲವಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಳೆ ಮಾತಿಗೆ ಹೋದರು, ಕೊಳೆರೋಗದ ಮಾತಿಗೆ ಹೋದರು. ಮಗನನ್ನು ಪಾಠ ಬಿಡಿಸಲಿಲ್ಲ.

ಪದದ ಬಗ್ಗೆಯೂ ಒಂದು ತಕರಾರು. ‘ಸಲಿಂಗಕಾಮಿ’ ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ಹೆಂಡತಿಯನ್ನು ಪ್ರೀತಿಸುವವರನ್ನು ನಾವು ‘ಕಾಮಿ’ ಎನ್ನುತ್ತೇವಾ? ಹಾಗಾಗಿ ‘ಗೇ’ ಎನ್ನುತ್ತೇನೆ, ಇಲ್ಲವೇ ಬಿಡಿಸಿ ಬರೆಯುತ್ತೇನೆ.

ಆರನೇ ಸಿಂಫನಿ ಕೇಳುವುದಾದರೆ ಒಂದು ಸೂಚನೆ. ಮೂರನೇ ಭಾಗ ಅಬ್ಬರದ ಮೆರವಣಿಗೆ, ಮುಗಿದಾಗ ಎಲ್ಲವೂ ಮುಗಿದಂತೆ ಕೇಳಿಸುತ್ತದೆ. ದೊಡ್ಡ ದೊಡ್ಡ ಊರಿನ ಸಭೆಗಳೂ ಮೋಸಹೋಗಿ ಚಪ್ಪಾಳೆ ತಟ್ಟುತ್ತವೆ. ಫೋನ್ ಆಫ್ ಮಾಡಿಬಿಡಬೇಡಿ. ನಾಲ್ಕನೆಯದು ಅದರ ಹಿಂದೆಯೇ ಇದೆ, ನಿಧಾನದ್ದು. ಕೊನೆಗೆ ತಗ್ಗುದನಿಯ ತಂತಿವಾದ್ಯ ಮಾತ್ರ ಉಳಿದು, ಅದೂ ಇಳಿದು ಇಳಿದು ಕಿವಿಗೆ ಸಿಗದಂತಾಗುತ್ತದೆ. ಮಳೆ ಜೋರಿರುವಾಗ ಹೆಂಚಿನ ಮನೆಯಲ್ಲಿ ಕೂತು ಕೇಳಿದರೆ ಪ್ರಯೋಜನವಿಲ್ಲ, ಹೆಡ್‌ಫೋನ್ ಹಾಕಿಕೊಳ್ಳಿ.

ಆ ಕಾಲೇಜಿನವರು ಈ ವರ್ಷ ಮತ್ತೆ ಕರೆದಿದ್ದಾರೆ. ಅದೇ ಇಬ್ಬರು, ಅದೇ ಐದರ ತಾಳ. ಪರಿಚಯವನ್ನು ಈ ಸಲ ಎರಡೇ ಸಾಲಿನಲ್ಲಿ ಬರೆದೆ, ಜಾಗ ಸಾಲದೆ ಹೋಗಬಾರದಲ್ಲ. ಅದರಲ್ಲಿ ಒಂದು ಆ ಸಾಲು. ಪ್ರೂಫ್ ಇನ್ನೂ ಬಂದಿಲ್ಲ.