ತಡವರಿಕೆ ಯಾವ ಭಾಷೆಯಲ್ಲಿ?

ಮುಂಬೈ ಪಕ್ಕದ ಡೊಂಬಿವಲಿಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆ, ಮೂರನೇ ಕ್ಲಾಸಿನ ಒಬ್ಬ ಹುಡುಗ ಅಂತ ಇಟ್ಟುಕೊಳ್ಳಿ. ಮನೆಯಲ್ಲಿ ಅಪ್ಪ ಅಮ್ಮನ ಜೊತೆ ತುಳು, ಅಜ್ಜಿಯ ಜೊತೆ ಕನ್ನಡ, ಬಿಲ್ಡಿಂಗಿನ ಕೆಳಗೆ ಕ್ರಿಕೆಟ್ ಆಡುವಾಗ ಹಿಂದಿ, ಕ್ಲಾಸಿನಲ್ಲಿ ಇಂಗ್ಲಿಷು, ಸಾಲದ್ದಕ್ಕೆ 2020ರ ಕಾನೂನು ಬಂದ ಮೇಲೆ ರಾಜ್ಯದ ಎಲ್ಲ ಶಾಲೆಗಳಲ್ಲೂ ಕಡ್ಡಾಯವಾದ ಮರಾಠಿ. ಮಾತಿಗೆ ನಿಂತರೆ ಪಟಪಟ ಅಂತಾನೆ. ಪುಸ್ತಕ ತೆರೆದರೆ ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತಾನೆ. ಡೈರಿಯಲ್ಲಿ ವಾರಕ್ಕೊಂದು ಕೆಂಪು ಇಂಕಿನ ದೂರು. ಕೊನೆಗೆ ಒಂದು ಚೀಟಿ ಬರುತ್ತದೆ: ಕೌನ್ಸೆಲರ್ ಮೇಡಂ ಅವರನ್ನು ಭೇಟಿ ಮಾಡಿ.

ಮನೆಯಲ್ಲಿ ಗಾಬರಿ. ನಮ್ಮ ಮಗುವಿಗೆ ತಲೆ ಸರಿ ಇಲ್ವಾ? ಪಕ್ಕದ ಫ್ಲಾಟಿನವರಿಗೆ ಗೊತ್ತಾದರೆ?

ಗಾಬರಿಗೆ ಕಾರಣ ಇದೆ. ಈ ಕೌನ್ಸೆಲರ್, ಅಂದರೆ ಶಾಲೆಯ ಮನಶ್ಶಾಸ್ತ್ರಜ್ಞರು, ಏನು ಮಾಡುತ್ತಾರೆ ಅಂತ ನಮ್ಮಲ್ಲಿ ಹೆಚ್ಚಿನವರಿಗೆ ಯಾರೂ ಹೇಳಿಲ್ಲ. ಅವರು ಮಾತ್ರೆ ಕೊಡುವ ಡಾಕ್ಟರಲ್ಲ, ಅದು ಮನೋವೈದ್ಯರ ಕೆಲಸ. ಗಲಾಟೆ ಮಾಡುವ ಹುಡುಗರಿಗೆ ಬುದ್ಧಿ ಹೇಳುವುದೂ ಅವರ ಕೆಲಸವಲ್ಲ, ಎಷ್ಟೋ ಶಾಲೆಗಳು ಅದಕ್ಕೇ ಬಳಸಿಕೊಂಡರೂ. (ಟೀಚರ್ ರಜೆ ಹಾಕಿದ ದಿನ ಕ್ಲಾಸಿಗೆ ಕಳಿಸಲು ಸಿಗುವ ಮೊದಲ ವ್ಯಕ್ತಿಯೂ ಅವರೇ, ಪಾಪ.) ಅವರ ನಿಜವಾದ ಕೆಲಸ ಮಗು ಎಲ್ಲಿ ಸಿಕ್ಕಿಕೊಂಡಿದೆ ಅಂತ ಪತ್ತೆ ಮಾಡುವುದು. ನಮ್ಮ ಮುಂಬೈ ಕನ್ನಡಿಗರ ಮಕ್ಕಳ ವಿಷಯದಲ್ಲಿ ಆ ಪತ್ತೇದಾರಿಯ ಅರ್ಧ ಭಾಗ ಭಾಷೆಯದ್ದು.

ಮೊದಲು ಕಣ್ಣು, ಕಿವಿ. ಇದು ತುಂಬಾ ಹಳೆಯ ಪಾಠ. 1896ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಲೈಟ್ನರ್ ವಿಟ್ಮರ್ ಎಂಬವರು ಮೊದಲ ಮನಶ್ಶಾಸ್ತ್ರ ಕ್ಲಿನಿಕ್ ತೆರೆದಾಗ ಅಲ್ಲಿಗೆ ಬಂದ ಮೊದಲ ಮಗುವೇ ಸ್ಪೆಲಿಂಗ್ ಬಾರದ ಹುಡುಗ. ಕರೆದುಕೊಂಡು ಬಂದದ್ದು ಅವನ ಟೀಚರ್. ಪರೀಕ್ಷೆ ಮಾಡಿದರೆ ಕಣ್ಣಿನಲ್ಲೂ ತೊಂದರೆ ಇತ್ತು. ಕನ್ನಡಕ ಕೊಡಿಸಿ, ಆಮೇಲೆ ಓದು ಕಲಿಸಲು ಕೂತರು. ಇವತ್ತೂ ಒಳ್ಳೆಯ ಮನಶ್ಶಾಸ್ತ್ರಜ್ಞರು ಮೊದಲು ಕೇಳುವುದು, ಬೋರ್ಡ್ ಕಾಣುತ್ತಾ, ನೆಗಡಿ ಆದಾಗ ಕಿವಿ ಸೋರುತ್ತಾ, ರಾತ್ರಿ ನಿದ್ದೆ ಎಷ್ಟು ಹೊತ್ತು ಅಂತ.

ಆಮೇಲೆ ಪರೀಕ್ಷೆ. ಬಣ್ಣದ ಬ್ಲಾಕುಗಳನ್ನು ಚಿತ್ರದಲ್ಲಿರುವಂತೆ ಜೋಡಿಸು ಅನ್ನುತ್ತಾರೆ. ನಾಲ್ಕು, ಒಂಬತ್ತು, ಎರಡು ಎಂದು ಹೇಳಿ, ಇದನ್ನೇ ಹಿಂದಿನಿಂದ ಹೇಳು ಅನ್ನುತ್ತಾರೆ. ಆಟದ ಹಾಗೆ ಕಾಣುತ್ತದೆ, ಆದರೆ ಕೇಳಿದ್ದನ್ನು ತಲೆಯಲ್ಲಿ ಹಿಡಿದಿಟ್ಟುಕೊಂಡು ತಿರುಗಿಸುವ ಶಕ್ತಿ ಎಷ್ಟಿದೆ ಅಂತ ಅಲ್ಲಿ ಗೊತ್ತಾಗುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅರ್ಥವಿಲ್ಲದ ಪದಗಳ ಪರೀಕ್ಷೆ. ‘ಟಗಮು’, ‘ಮಡುಪಿಗ’ ಎಂಬಂಥ ಪದಗಳನ್ನು ಕೊಟ್ಟು ಓದು ಅನ್ನುವುದು. ಗೊತ್ತಿರುವ ಪದವಾದರೆ ಮಗು ಅದರ ಆಕಾರ ನೆನಪಿಟ್ಟುಕೊಂಡು, ಇಲ್ಲವೇ ಪಕ್ಕದ ಚಿತ್ರ ನೋಡಿ ಹೇಳಿಬಿಡಬಹುದು. ಇಲ್ಲದ ಪದಕ್ಕೆ ಆ ಉಪಾಯ ನಡೆಯಲ್ಲ. ಅಕ್ಷರವನ್ನು ಸದ್ದಾಗಿಸಿ, ಸದ್ದುಗಳನ್ನು ಕೂಡಿಸಲೇಬೇಕು. ಡಿಸ್ಲೆಕ್ಸಿಯಾ (ಓದು, ಸ್ಪೆಲಿಂಗ್ ಕಷ್ಟವಾಗುವ ಕಲಿಕೆಯ ನ್ಯೂನತೆ) ಇರುವ ಮಕ್ಕಳು ಹೆಚ್ಚಾಗಿ ಎಡವುವುದು ಇಲ್ಲೇ, ಬುದ್ಧಿ ಎಷ್ಟೇ ಚುರುಕಾಗಿದ್ದರೂ.

ಆದರೆ ಯಾವ ಭಾಷೆಯಲ್ಲಿ ಎಡವುತ್ತಾರೆ? ಇಂಗ್ಲಿಷಿನಲ್ಲಿ ಬರೆಯುವುದೊಂದು, ಓದುವುದೊಂದು. ಮನೆಯಲ್ಲಿ ಇಂಗ್ಲಿಷ್ ಕೇಳಿಯೇ ಇಲ್ಲದ ಮಗು ಅಲ್ಲಿ ತಡವರಿಸಿದರೆ ಅದು ಕಲಿಕೆಯ ನ್ಯೂನತೆ ಆಗಬೇಕಿಲ್ಲ, ಸುಮ್ನೆ ಹೊಸ ಭಾಷೆ ಇರಬಹುದು. ಕನ್ನಡದ ಕಷ್ಟ ಬೇರೆ. ಬರೆದಂತೆ ಓದಬಹುದು, ಸರಿ, ಆದರೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಕಲಿಯಬೇಕಾದ ರೂಪಗಳು ನೂರಾರು. ಸೋನಾಲಿ ನಾಗ್ ಅವರು ಕನ್ನಡ ಕಲಿಯುವ ಮಕ್ಕಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಕ್ಷರಗಳ ಮೇಲಿನ ಹಿಡಿತ ನಾಲ್ಕನೇ ಕ್ಲಾಸಿನವರೆಗೂ ನಿಧಾನವಾಗಿ ಬೆಳೆಯುತ್ತಲೇ ಇರುತ್ತದೆ. ಅಂದರೆ ಎರಡನೇ ಕ್ಲಾಸಿನ ಮಗು ಒತ್ತಕ್ಷರದಲ್ಲಿ ನಿಂತರೆ ಅದು ಇನ್ನೂ ಕಲಿಯುತ್ತಿದೆ ಅಷ್ಟೇ ಇರಬಹುದು. ಅದೇ ಮಗು ಇಂಗ್ಲಿಷ್, ಮರಾಠಿ ಎರಡರಲ್ಲೂ, ವರ್ಷಗಟ್ಟಲೆ ಕಲಿಸಿದ ಮೇಲೂ, ಸದ್ದು ಕೂಡಿಸಲಾರದೆ ನಿಂತರೆ ವಿಷಯ ಬೇರೆ. ಒಂದೇ ಭಾಷೆಯಲ್ಲಿ ಪರೀಕ್ಷಿಸಿ ತೀರ್ಪು ಕೊಡುವ ರಿಪೋರ್ಟನ್ನು ನಾನಂತೂ ನಂಬಲ್ಲ.

ಈ ಸಮಸ್ಯೆ ಹೊಸದೇನಲ್ಲ. ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ 1905ರಲ್ಲಿ ಮಾಡಿದ ಬುದ್ಧಿ ಪರೀಕ್ಷೆಯನ್ನು ನಮ್ಮ ಮಕ್ಕಳಿಗೆ ಹೊಂದಿಸಿದವರು ವಿ. ವಿ. ಕಾಮತ್. ಅದು 1930ರ ದಶಕ, ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲೇ ಇತ್ತು. ಕಾಮತರು ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಎರಡರಲ್ಲೂ ಸಿದ್ಧ ಮಾಡಿ ಧಾರವಾಡದ ಮಕ್ಕಳ ಮೇಲೆ ಒರೆಗೆ ಹಚ್ಚಿದರು. ಬಿನೆ-ಕಾಮತ್ ಪರೀಕ್ಷೆ ಅಂತ ಇವತ್ತೂ ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಹಳೆಯದಾಯಿತು ಎಂಬ ದೂರು ಇದೆ, ನ್ಯಾಯವಾದ ದೂರೇ. ಆದರೂ ಪರೀಕ್ಷೆ ಮಗುವಿನ ಭಾಷೆಗೆ ಬರಬೇಕು ಎಂದು ಅಷ್ಟು ಹಿಂದೆಯೇ ಹೊಳೆದಿತ್ತು ನೋಡಿ. ಇನ್ನು ಬಿನೆಯವರು ತಮ್ಮ ಪರೀಕ್ಷೆಯ ಅಂಕಿ ಮಗುವಿನ ಹಣೆಬರಹ ಎಂದು ಒಪ್ಪಿಕೊಂಡೇ ಇರಲಿಲ್ಲ. ನಮ್ಮಲ್ಲಿ ರಿಪೋರ್ಟ್ ಕೈಗೆ ಬಂದ ಕೂಡಲೇ ಐಕ್ಯೂ ಎಷ್ಟು ಅಂತಲೇ ಮೊದಲು ನೋಡುವುದು, ಅಲ್ವಾ?

ಪತ್ತೆಯಾದ ಮೇಲೆ ಮುಖ್ಯ ಕೆಲಸ ಟೀಚರ್ ಜೊತೆ. ಮುಂದಿನ ಬೆಂಚಿಗೆ ತನ್ನಿ, ಎಲ್ಲರ ಎದುರು ಗಟ್ಟಿಯಾಗಿ ಓದಿಸಬೇಡಿ, ವಿಜ್ಞಾನದ ಉತ್ತರ ಬಾಯಲ್ಲಿ ಹೇಳಿದರೆ ಮಾರ್ಕ್ಸ್ ಕೊಡಿ ಎಂದು ಒಪ್ಪಿಸಬೇಕು. ಒಂದು ಕ್ಲಾಸಿನಲ್ಲಿ 50 ಮಕ್ಕಳಿರುವ ಟೀಚರ್‌ಗೆ ಇದನ್ನು ಹೇಳಿ ಬೈಗುಳ ತಿನ್ನದೆ ಬರುವುದಕ್ಕೂ ಒಂದು ಮನಶ್ಶಾಸ್ತ್ರ ಬೇಕು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ಸಹಾಯ ಇಂಥ ಸೌಲಭ್ಯಗಳಿಗೆ ಮಾತ್ರ ಶಾಲೆಯ ರಿಪೋರ್ಟ್ ಸಾಕಾಗಲ್ಲ, ಸರ್ಟಿಫಿಕೇಟ್ ಬೇಕು. ಮುಂಬೈಯಲ್ಲಿ ಸಾಯನ್ ಆಸ್ಪತ್ರೆಯ ಕಲಿಕಾ ನ್ಯೂನತೆ ಕ್ಲಿನಿಕ್ ಇದಕ್ಕೆ ಹೆಸರುವಾಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಲಿಕಾ ನ್ಯೂನತೆಯನ್ನೂ ಪಟ್ಟಿಗೆ ಸೇರಿಸಿತು. 2018ರಲ್ಲಿ ಕೇಂದ್ರ ಹೊರಡಿಸಿದ ಮಾರ್ಗಸೂಚಿ ಈ ಸರ್ಟಿಫಿಕೇಟಿಗೆ ಮಗುವಿಗೆ 8 ತುಂಬಿರಬೇಕು ಎಂದಿತು.

ಇನ್ನೊಂದು ಜವಾಬ್ದಾರಿ ಗುಟ್ಟಿನದ್ದು. ಮಗು ಹೇಳಿದ್ದೆಲ್ಲ ಪ್ರಿನ್ಸಿಪಾಲರಿಗೋ ಅಪ್ಪ ಅಮ್ಮನಿಗೋ ಹೋಗುವುದಿಲ್ಲ. ಆದರೆ ತನಗೋ ಬೇರೆಯವರಿಗೋ ಅಪಾಯ ಮಾಡುವ ಸೂಚನೆ ಇದ್ದರೆ ಹೇಳಲೇಬೇಕು. ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಸುಮ್ಮನಿದ್ದರೆ ಶಿಕ್ಷೆ. ಶಾಲೆಯ ಮಾನ ಹೋಗುತ್ತದೆ ಎಂಬ ಕಾರಣ ಅಲ್ಲಿ ನಡೆಯಲ್ಲ. ಈ ಮಿತಿಯನ್ನು ಮಗುವಿಗೆ ಮೊದಲ ಭೇಟಿಯಲ್ಲೇ ಹೇಳಿಬಿಡಬೇಕು.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ‘ಮನೆಯಲ್ಲಿ ಕನ್ನಡ, ತುಳು ನಿಲ್ಲಿಸಿ, ಇಂಗ್ಲಿಷೇ ಮಾತಾಡಿ’ ಎಂಬ ಸಲಹೆ ಸಿಕ್ಕರೆ ತಲೆಯಾಡಿಸಿ ಬರಬೇಡಿ, ಯಾಕೆ ಅಂತ ಕೇಳಿ. ಎರಡು ಮೂರು ಭಾಷೆ ಕೇಳಿ ಬೆಳೆದ ಮಾತ್ರಕ್ಕೆ ಡಿಸ್ಲೆಕ್ಸಿಯಾ ಬಂದುಬಿಡುವುದಿಲ್ಲ, ಒಂದನ್ನು ಬಿಟ್ಟರೆ ಅದು ಹೋಗುವುದೂ ಇಲ್ಲ. ಬದಲಿಗೆ ಮನೆಯ ಭಾಷೆಗಳು ಯಾವುವು, ಯಾವಾಗಿಂದ ಇಂಗ್ಲಿಷ್ ಶುರುವಾಯಿತು, ಮನೆತನದಲ್ಲಿ ಓದಲು ಕಷ್ಟಪಟ್ಟವರು ಇದ್ದರಾ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಕೊನೆಯದನ್ನು ಯಾರೂ ಹೇಳಲ್ಲ, ಮಾವನ ಕಡೆಯವರ ಮೇಲೆ ಹಾಕಿ ಜಗಳ ಆಗುತ್ತದೆ ಅಂತ. ಆದರೆ ಡಿಸ್ಲೆಕ್ಸಿಯಾ ಮನೆತನದಲ್ಲಿ ಹರಿದು ಬರುವಂಥದ್ದು, ಅದನ್ನು ಮುಚ್ಚಿಟ್ಟರೆ ಪತ್ತೆ ತಡವಾಗುತ್ತದೆ.

ಎಷ್ಟೋ ಶಾಲೆಗಳಲ್ಲಿ ಈ ಹುದ್ದೆಯಲ್ಲಿ ಯಾರೂ ಇಲ್ಲ. ಮುಂಬೈ ಮಹಾನಗರಪಾಲಿಕೆ ಕನ್ನಡವೂ ಸೇರಿ 8 ಭಾಷೆಗಳಲ್ಲಿ ಶಾಲೆ ನಡೆಸುತ್ತದೆ. ಅಷ್ಟೂ ಭಾಷೆಗಳಲ್ಲಿ ಮಕ್ಕಳನ್ನು ಪರೀಕ್ಷಿಸಬಲ್ಲ ಮನಶ್ಶಾಸ್ತ್ರಜ್ಞರು ಬೇಕೆಂದರೆ ಕನ್ನಡ ಬಲ್ಲ ಹುಡುಗ ಹುಡುಗಿಯರೂ ಈ ಓದಿಗೆ ಬರಬೇಕು. ಸದ್ಯಕ್ಕೆ, ಮಗು ಶಾಲೆಗೆ ಹೋಗಲು ಹೆದರುತ್ತಿದೆ, ಮಂಕಾಗಿದೆ ಅನಿಸಿದರೆ 14416ಕ್ಕೆ ಫೋನ್ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.